ಹೆದರಿದ ಸೈನಿಕನನ್ನು ಕಂಡು ನಕ್ಕರೆ ಸೇನೆಗೆ ಅವಮಾನವಾಗದು

ಮಾನ್ಯ ಸಂಪಾದಕರೇ,

ನಮ್ಮೂರಿನ ಯುವಕ ಯುವತಿಯರು ಕಳೆದ ತಿಂಗಳು ವಾಚನಾಲಯದ ವಾರ್ಷಿಕೋತ್ಸವದಲ್ಲಿ ಬರ್ನಾರ್ಡ್ ಶಾ ಅವರ ‘ಆರ್ಮ್ಸ್ ಆಂಡ್ ದಿ ಮ್ಯಾನ್’ ನಾಟಕವನ್ನು ಕನ್ನಡಕ್ಕೆ ಅಳವಡಿಸಿ ಆಡಿದರು. ಅದು ಯೋಧರನ್ನು ಗೇಲಿ ಮಾಡುತ್ತದೆಂದು ಕೆಲವರು ಆಕ್ಷೇಪ ಎತ್ತಿದ್ದರಿಂದ, ನಿಗದಿಯಾಗಿದ್ದ ಎರಡನೆಯ ಪ್ರದರ್ಶನವನ್ನು ಸಂಘಟಕರು ಕೈಬಿಟ್ಟಿದ್ದಾರೆ. ಸೈನಿಕರೊಬ್ಬರ ಪತ್ನಿಯಾಗಿ ಬಾಳಿದ ನನಗೆ ಇದರಿಂದ ನೋವಾಗಿದೆ.

1894ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕದ ಹಿನ್ನೆಲೆ 1885ರ ಸರ್ಬಿಯಾ–ಬಲ್ಗೇರಿಯಾ ಯುದ್ಧ. ಸೋತ ಸರ್ಬಿಯಾದ ಪಡೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಸ್ವಿಸ್ ಸೈನಿಕ ಬ್ಲುಂಟ್‌ಶ್ಲಿ, ಜೀವ ಉಳಿಸಿಕೊಳ್ಳಲು ರಾತ್ರಿ ಹೊತ್ತು ಶತ್ರುಪಕ್ಷದ ಮನೆಯ ಬಾಲ್ಕನಿ ಏರಿ ರೈನಾ ಎಂಬ ತರುಣಿಯ ಕೋಣೆಗೆ ನುಗ್ಗುತ್ತಾನೆ. ಅವನ ಪಿಸ್ತೂಲಿನಲ್ಲಿ ಗುಂಡಿಲ್ಲ. ತೋಟಾ ಇರಬೇಕಾದ ಜಾಗದಲ್ಲಿ ಅವನು ಒಯ್ಯುವುದು ಚಾಕಲೇಟು, ಅದೂ ಮುಗಿದಿದೆ. ಅವಳು ಕೊಟ್ಟ ಚಾಕಲೇಟನ್ನು ಹಸಿದ ಮಗುವಿನಂತೆ ತಿಂದು, ದಿನಗಟ್ಟಲೆ ನಿದ್ದೆಗೆಟ್ಟಿದ್ದ ಆತ ಅವಳ ಹಾಸಿಗೆಯಲ್ಲೇ ಮಲಗಿಬಿಡುತ್ತಾನೆ. ಅಶ್ವದಳವನ್ನು ನುಗ್ಗಿಸಿ ವೀರನೆನಿಸಿಕೊಂಡ ಸರ್ಗಿಯಸ್‌ನೊಂದಿಗೆ ರೈನಾಳ ಮದುವೆ ನಿಶ್ಚಯವಾಗಿರುತ್ತದೆ. ಆದರೆ ಕೊನೆಗೆ ಅವಳ ಮನಸ್ಸು ಒಲಿಯುವುದು ಭಯವನ್ನು ಒಪ್ಪಿಕೊಂಡ ಈ ಮನುಷ್ಯನಿಗೆ.

ಆ ಚಾಕಲೇಟಿನ ದೃಶ್ಯದಲ್ಲಿ ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಕಣ್ಣೂ ತುಂಬಿತು. 1971ರ ಡಿಸೆಂಬರ್ 3ರಂದು ಯುದ್ಧ ಆರಂಭವಾದಾಗ ನಮ್ಮ ಮದುವೆ ನಿಶ್ಚಯವಾಗಿ ಎರಡು ತಿಂಗಳಾಗಿತ್ತು, ನನ್ನವರು ಪಂಜಾಬಿನ ಗಡಿಯಲ್ಲಿದ್ದರು. ಅಲ್ಲಿಂದ ಬಂದ ಇನ್‌ಲ್ಯಾಂಡ್ ಪತ್ರದಲ್ಲಿ, ತಾಯಿ ಹುರಿದುಕೊಟ್ಟ ಗೇರುಬೀಜವನ್ನು ತೋಟಾಚೀಲದ ಒಂದು ಬದಿಯಲ್ಲಿ ಇಟ್ಟುಕೊಂಡಿರುವುದಾಗಿಯೂ, ಫಿರಂಗಿ ಸದ್ದು ಕೇಳಿದಾಗಲೆಲ್ಲ ಒಂದೊಂದನ್ನು ಬಾಯಿಗೆ ಹಾಕಿಕೊಂಡರೆ ಕೈನಡುಕ ಕಡಿಮೆಯಾಗುವುದೆಂದೂ ಬರೆದಿದ್ದರು. ಕೊನೆಯ ಒಂದು ಸಾಲನ್ನು ಬರೆದು ಶಾಯಿಯಿಂದ ಹೊಡೆದುಹಾಕಿದ್ದರು. ಚಿಮಿಣಿ ದೀಪಕ್ಕೆ ಅಡ್ಡ ಹಿಡಿದಾಗ ಅದು ಓದಲು ಸಿಕ್ಕಿತು: ‘ನನಗೆ ಈ ಯುದ್ಧ ಬೇಡ, ಊರಿಗೆ ಬಂದು ನಿನ್ನ ಕೈಯ ಗಂಜಿ ಉಂಡರೆ ಸಾಕು.’ ಹಾಗೆ ಬರೆದವರು ಕಾವಲು ಬಿಟ್ಟು ಕದಲಲಿಲ್ಲ. ಆ ಬಳಿಕವೂ ಹಲವು ವರ್ಷ ಸೇವೆಯಲ್ಲಿದ್ದೇ ನಿವೃತ್ತರಾದರು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಈ ನೆಲದಲ್ಲಿ ಇಂಥ ನಗು ಹೊಸತೇ? ಅಂತಃಪುರದ ಹೆಂಗಳೆಯರ ಮುಂದೆ ಪೌರುಷ ಕೊಚ್ಚಿಕೊಂಡ ಉತ್ತರಕುಮಾರ, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡುವುದನ್ನೂ, ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತರುವುದನ್ನೂ ಯಕ್ಷಗಾನದಲ್ಲಿ ನೋಡಿ ನಮ್ಮ ಹಿರಿಯರು ಬಯಲಿನಲ್ಲಿ ಕೂತು ನಕ್ಕಿದ್ದಾರೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಇಂದಿಗೂ ಮನೆಮನೆಯಲ್ಲಿದೆ. ಅದರಿಂದ ವೀರರಿಗೆ ಅಪಚಾರವಾಯಿತೆಂದು ಯಾರೂ ಆಟ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಆ ಉತ್ತರನೇ ಕುರುಕ್ಷೇತ್ರದ ಮೊದಲ ದಿನ ಶಲ್ಯನೊಂದಿಗೆ ಹೋರಾಡಿ ಮಡಿಯುತ್ತಾನೆ. ಆಕ್ಷೇಪಿಸಿದವರು ಇದನ್ನೊಮ್ಮೆ ನೆನೆಯಬೇಕೆಂದು ನನ್ನ ಪ್ರಾರ್ಥನೆ. ಓಡಿದ ಹುಡುಗ, ಮಡಿದ ಹುಡುಗ ಇಬ್ಬರೂ ಒಬ್ಬನೇ.

ಹಗಲು ತೋಟದಲ್ಲೂ ಅಂಗಡಿಯಲ್ಲೂ ದುಡಿದು, ರಾತ್ರಿ ಕನ್ನಡದಲ್ಲಿ ಮಾತು ಕಲಿತು ನಾಟಕ ಆಡುವ ಮಕ್ಕಳು ಗಡಿನಾಡಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಅವರ ಶ್ರಮ ಒಂದೇ ರಾತ್ರಿಗೆ ಮುಗಿಯಬಾರದು. ಸಂಘಟಕರು ದಯವಿಟ್ಟು ಎರಡನೆಯ ಪ್ರದರ್ಶನಕ್ಕೆ ದಿನ ಗೊತ್ತುಮಾಡಲಿ. ಸಭಾಂಗಣ ಸಿಗದಿದ್ದರೆ ನಮ್ಮ ಮನೆಯ ಅಡಿಕೆ ಅಂಗಳವಿದೆ. ಒಣಗಿದ ಅಡಿಕೆಯನ್ನು ಒಳಗೆ ತುಂಬಿಸಿಯಾಗಿದೆ, ಮಳೆ ಹಿಡಿಯುವವರೆಗೆ ಅದು ಖಾಲಿಯೇ ಇರುತ್ತದೆ.

ಇತಿ,
ಓರ್ವ ಓದುಗಾರ್ತಿ, ಬದಿಯಡ್ಕ, ಕಾಸರಗೋಡು