ಆಸ್ಪತ್ರೆ ನವೀಕರಣದ ಬಿಐಎಂ ಮಾಡೆಲ್‌ನಲ್ಲಿರುವ ದೋಷಗಳ ಬಗ್ಗೆ ದೂರು

ಇವರಿಂದ:
ಕಟ್ಟಡ ಸಮಿತಿ ಮತ್ತು ನಿರ್ವಹಣಾ ವಿಭಾಗ,
ಟ್ರಸ್ಟ್ ಆಸ್ಪತ್ರೆ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಇವರಿಗೆ:
ಯೋಜನಾ ಮುಖ್ಯಸ್ಥರು,
ಬಿಐಎಂ ಸೇವಾ ಸಂಸ್ಥೆ, ಬೆಂಗಳೂರು

ವಿಷಯ: ಇರುವ ಕಟ್ಟಡದ ಮಾಡೆಲ್, ಕ್ಲ್ಯಾಶ್ ರಿಪೋರ್ಟ್ ಮತ್ತು ಕಾಮಗಾರಿ ಹಂತಗಳ ಫೈಲ್ ಒಪ್ಪಂದದಂತೆ ಇಲ್ಲದಿರುವುದು, ಮೂರನೆಯ ಕಂತಿನ ಬಿಲ್ಲನ್ನು ತಡೆಹಿಡಿದಿರುವುದು.

ಮಾನ್ಯರೇ,

ಮೊದಲ ಮಹಡಿಯಲ್ಲಿ ಎರಡು ಆಪರೇಷನ್ ಥಿಯೇಟರ್ ಮತ್ತು ಎಂಟು ಹಾಸಿಗೆಯ ಐಸಿಯು, ಹಿಂದಿನ ಹಂಚಿನ ಕಟ್ಟಡದಲ್ಲಿ ಎಕ್ಸ್‌ರೇ ಕೊಠಡಿ ಮತ್ತು ಹೊರರೋಗಿ ವಿಭಾಗ: ಈ ನವೀಕರಣದ ಬಿಐಎಂ ಕೆಲಸವನ್ನು, ಅಂದರೆ ಕಟ್ಟಡದ ವಿವರವಾದ ಮೂರು ಆಯಾಮದ ಕಂಪ್ಯೂಟರ್ ಮಾಡೆಲ್ ಕಟ್ಟುವ ಕೆಲಸವನ್ನು, ನಿಮಗೆ ವಹಿಸಲಾಗಿದೆ. ಮೊದಲು ಲೇಸರ್ ಸ್ಕ್ಯಾನ್ ಮಾಡಿ, ಅದರಿಂದ ಬಂದ ಪಾಯಿಂಟ್ ಕ್ಲೌಡ್ (ಅಳತೆ ಮಾಡಿದ ಬಿಂದುಗಳ ರಾಶಿ) ಮೇಲೆ ಇರುವ ಕಟ್ಟಡದ ಮಾಡೆಲ್ ಕಟ್ಟಿ, ಆಮೇಲೆ ಹೊಸ ಡಕ್ಟ್, ಪೈಪು, ವೈರಿಂಗ್, ಮೆಡಿಕಲ್ ಗ್ಯಾಸ್ ಲೈನುಗಳನ್ನು ಎಲ್‌ಒಡಿ 350 (ಹ್ಯಾಂಗರ್, ಜೋಡಣೆ ಸಮೇತ ತೋರಿಸುವ ವಿವರ) ಮಟ್ಟಕ್ಕೆ ಹೊಂದಿಸಿ ಕೊಡಬೇಕೆಂಬುದು ಒಪ್ಪಂದ. ಗೋಡೆ, ತೊಲೆ, ಚಪ್ಪಡಿಗಳು ಪಾಯಿಂಟ್ ಕ್ಲೌಡ್‌ಗಿಂತ 15 ಮಿ.ಮೀ. ಗಿಂತ ಹೆಚ್ಚು ಆಚೀಚೆ ಆಗಬಾರದು ಎಂದೂ ಅದರಲ್ಲಿ ಬರೆದಿದೆ. ಬಿಲ್ಲಿನ ಜೊತೆ ಬಂದ ರಿಪೋರ್ಟಿನಲ್ಲಿ ‘ಬಾಕಿ ಕ್ಲ್ಯಾಶ್: 0’ ಎಂದಿದೆ, ಅಂದರೆ ಒಂದಕ್ಕೊಂದು ಡಿಕ್ಕಿ ಹೊಡೆಯುವ ಭಾಗ ಒಂದೂ ಉಳಿದಿಲ್ಲ ಎಂದು. ಆ ಸೊನ್ನೆ ಹೇಗೆ ಬಂತು ಎಂದು ಫೈಲ್ ಬಿಚ್ಚಿ ನೋಡಿದ ಮೇಲೆ ಈ ಪತ್ರ ಬರೆಯಬೇಕಾಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ಸ್ಕ್ಯಾನಿಂಗ್ ತಂಡದ ಕೆಲಸ ಚೆನ್ನಾಗಿದೆ. ಫಾಲ್ಸ್ ಸೀಲಿಂಗ್ ಹಲಗೆಗಳನ್ನು ತೆಗೆಸಿ ಒಳಗಿನ ತೊಲೆಗಳನ್ನೂ ಹಿಡಿದಿದ್ದಾರೆ, ಸ್ಟೇಷನ್‌ಗಳು ಒಂದಕ್ಕೊಂದು ಸರಿಯಾಗಿ ಕೂತಿವೆ. ತೊಂದರೆ ಶುರುವಾಗುವುದು ಅದರ ನಂತರ. ಆ ಪಾಯಿಂಟ್ ಕ್ಲೌಡನ್ನು ಮಾಡೆಲ್‌ಗೆ ಲಿಂಕ್ ಮಾಡಿ, ಕಣ್ಣಿಗೆ ಕಾಣದಂತೆ ಆಫ್ ಮಾಡಿ, ನಾವು ಕೊಟ್ಟಿದ್ದ ಹಳೆಯ ಸಿಎಡಿ ನಕ್ಷೆಯ ಮೇಲೆಯೇ ಗೋಡೆ ಎಬ್ಬಿಸಲಾಗಿದೆ.

ಇದು ಗೊತ್ತಾಗಲು ಹೆಚ್ಚು ಹೊತ್ತು ಬೇಕಿಲ್ಲ. ನೆಲದಿಂದ 300 ಮಿ.ಮೀ. ಮತ್ತು 2,700 ಮಿ.ಮೀ. ಎತ್ತರದಲ್ಲಿ 50 ಮಿ.ಮೀ. ದಪ್ಪದ ಎರಡು ಅಡ್ಡ ಸೀಳು ತೆಗೆದು ಒಂದರ ಮೇಲೊಂದು ಇಟ್ಟು ನೋಡಿ. ಹಂಚಿನ ಕಟ್ಟಡದ್ದು ಜಂಬಿಟ್ಟಿಗೆಯ ಗೋಡೆ. ಗಾರೆ ಸೇರಿ 430ರಿಂದ 460 ಮಿ.ಮೀ. ದಪ್ಪವಿದೆ, ಹಿಂಬದಿಯ ಗೋಡೆ ಮೇಲೆ ಹೋಗುತ್ತ 38 ಮಿ.ಮೀ. ಹೊರಕ್ಕೆ ವಾಲಿದೆ. ನಿಮ್ಮ ಮಾಡೆಲ್‌ನಲ್ಲಿ ಅದೇ ಗೋಡೆ 230 ಮಿ.ಮೀ. ಇಟ್ಟಿಗೆಯದಾಗಿ, ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ ನಿಂತಿದೆ. ಮಲೆನಾಡಿನ ಹಳೇ ಕಟ್ಟಡ ಕಂಡವರು ಯಾರೂ ಇಂಥ ಗೋಡೆ ಬರೆಯುವುದಿಲ್ಲ. ಇದರ ಪರಿಣಾಮ ಕಾರಿಡಾರಿನಲ್ಲಿ ಕಾಣುತ್ತದೆ. ಬೇಡಿಕೆ ಪಟ್ಟಿಯಲ್ಲಿ 2,400 ಮಿ.ಮೀ. ತೆರಪು ಕೇಳಿದ್ದೆವು, ಮಾಡೆಲ್ 2,400 ತೋರಿಸುತ್ತದೆ. ಪಾಯಿಂಟ್ ಕ್ಲೌಡ್‌ನಲ್ಲಿ ಅತಿ ಕಿರಿದಾದ ಕಡೆ ಇರುವುದು 2,290. ಎರಡೂ ಬದಿಗೆ ಮಂಚ ತಾಗದಂತೆ ಹಾಕುವ 75 ಮಿ.ಮೀ. ಗಾರ್ಡ್ ಕಳೆದರೆ 2,140. ಎದುರುಬದುರು ಬರುವ ಎರಡು ಮಂಚ, ಅವುಗಳ ಜೊತೆ ಡ್ರಿಪ್ ಸ್ಟ್ಯಾಂಡ್ ಹಿಡಿದ ಸಿಬ್ಬಂದಿ ಈ ಜಾಗದಲ್ಲಿ ದಾಟಲಾರರು. ಇದನ್ನು ಈಗಲೇ ತಿಳಿದರೆ ಬಾಗಿಲಿನ ಜಾಗ ಬದಲಿಸಬಹುದು. ಟೈಲ್ಸ್ ಹಾಕಿದ ಮೇಲೆ ತಿಳಿದರೆ ಏನೂ ಮಾಡಲಾಗದು.

ಎಲ್ಲಕ್ಕಿಂತ ಗಂಭೀರವಾದದ್ದು ಥಿಯೇಟರಿನ ಫಾಲ್ಸ್ ಸೀಲಿಂಗ್ ಮೇಲಿನ ಜಾಗ. ನೆಲದಿಂದ ಚಪ್ಪಡಿಯ ಕೆಳಮುಖಕ್ಕೆ 3,750 ಮಿ.ಮೀ., ಸೀಲಿಂಗ್ ಎತ್ತರ 2,900. ಹಳೆಯ ನಕ್ಷೆಯಲ್ಲಿ ತೊಲೆಯ ಇಳಿಕೆ 300 ಮಿ.ಮೀ. ಎಂದಿತ್ತು, ನೀವೂ 300 ಇಟ್ಟಿದ್ದೀರಿ. ನಿಮ್ಮದೇ ಸ್ಕ್ಯಾನಿನಲ್ಲಿ ಅದು 450. ಅಂದರೆ ತೊಲೆಯ ಕೆಳಗೆ ಮಾಡೆಲ್ ತೋರಿಸುವ ಜಾಗ 550 ಮಿ.ಮೀ., ನಿಜಕ್ಕೂ ಇರುವುದು 400.

ಈ ಜಾಗದಲ್ಲಿ ತೊಲೆಯನ್ನು ದಾಟಬೇಕಾದವು ಎರಡು: 600 × 300 ಸಪ್ಲೈ ಡಕ್ಟ್ ಮತ್ತು ಅದರ ಕೆಳಗೆ ಅಡ್ಡ ಹೋಗುವ 65 ಮಿ.ಮೀ. ಚಿಲ್ಡ್ ವಾಟರ್ ಪೈಪು. ಡಕ್ಟ್ 300, ಪೈಪಿನ ಹೊರವ್ಯಾಸ 76, ಒಟ್ಟು 376. 550ರಲ್ಲಿ ಸಲೀಸಾಗಿ ಹಿಡಿಯುತ್ತದೆ ಎಂದು ಸಾಫ್ಟ್‌ವೇರ್ ಹೇಳಿದೆ. ಆದರೆ ಕ್ಲ್ಯಾಶ್ ಹುಡುಕುವ ನ್ಯಾವಿಸ್‌ವರ್ಕ್ಸ್ ಫೈಲಿನ ಸರ್ಚ್ ಸೆಟ್‌ನಲ್ಲಿ (ಪರೀಕ್ಷೆಗೆ ಒಡ್ಡುವ ವಸ್ತುಗಳ ಪಟ್ಟಿ) ಇನ್ಸುಲೇಷನ್, ಹ್ಯಾಂಗರ್, ಸೀಲಿಂಗ್ ಫ್ರೇಮ್ ಮೂರನ್ನೂ ಹೊರಗಿಡಲಾಗಿದೆ. ಹಾರ್ಡ್ ಕ್ಲ್ಯಾಶ್ (ಒಂದರೊಳಗೊಂದು ನುಗ್ಗಿದೆಯೇ ಎಂಬ ಪರೀಕ್ಷೆ) ಮಾತ್ರ ಓಡಿಸಲಾಗಿದೆ, ತೆರಪಿನ ಪರೀಕ್ಷೆಯೇ ಇಲ್ಲ. ಇನ್ಸುಲೇಷನ್ ಸೇರಿಸಿ ನೋಡಿ: ಡಕ್ಟಿಗೆ ಸುತ್ತಲೂ 25 ಮಿ.ಮೀ. ಹಾಕಿದರೆ 350, ಪೈಪಿಗೆ 50 ಮಿ.ಮೀ. ಹಾಕಿದರೆ 176, ಫ್ರೇಮಿಗೆ 40. ಒಟ್ಟು 566. ನಿಮ್ಮ ತಪ್ಪು ತೊಲೆಯ ಲೆಕ್ಕದಲ್ಲೂ 16 ಮಿ.ಮೀ. ಸಾಲದು. ನಿಜವಾದ ತೊಲೆಯ ಲೆಕ್ಕದಲ್ಲಿ 166 ಮಿ.ಮೀ. ಸಾಲದು. ಪರೀಕ್ಷೆಗೆ ಒಡ್ಡಬೇಕಾದ್ದನ್ನೇ ಪಟ್ಟಿಯಿಂದ ತೆಗೆದದ್ದರಿಂದ ನಿಮ್ಮ ಸೊನ್ನೆ ಬಂದಿದೆ.

ಇಂಥ ಕಡೆ ಸೈಟಿನಲ್ಲಿ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ಗುತ್ತಿಗೆದಾರರ ಕೆಲಸದವರು ಡಕ್ಟನ್ನು ಚಪ್ಪಟೆ ಮಾಡುತ್ತಾರೆ, ಪೈಪಿನ ಇನ್ಸುಲೇಷನ್ ಕೆತ್ತುತ್ತಾರೆ. ಎರಡೂ ಇಲ್ಲಿ ನಡೆಯದು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾರ್ಗಸೂಚಿಯಂತೆ ಥಿಯೇಟರಿನಲ್ಲಿ ಗಂಟೆಗೆ ಕನಿಷ್ಠ 20 ಬಾರಿ ಗಾಳಿ ಬದಲಾಗಬೇಕು, ಅದರಲ್ಲಿ 4 ಬಾರಿಯಷ್ಟು ಹೊರಗಿನ ತಾಜಾ ಗಾಳಿ. 6 × 6 × 2.9 ಮೀಟರಿನ ಕೊಠಡಿಗೆ ಇದು ಗಂಟೆಗೆ ಸುಮಾರು 2,090 ಘನ ಮೀಟರ್. 600 × 300 ಡಕ್ಟಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 3.2 ಮೀಟರ್. ಅದೇ ಡಕ್ಟನ್ನು 600 × 150ಕ್ಕೆ ಇಳಿಸಿದರೆ 6.4 ಮೀಟರ್; ಒತ್ತಡದ ನಷ್ಟ ನಾಲ್ಕು ಪಟ್ಟಿಗೂ ಮೀರುತ್ತದೆ. ಆಗ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ತುಸು ಕಟ್ಟಿಕೊಂಡರೂ ಫ್ಯಾನ್ ಸೋಲುತ್ತದೆ, ಕೊಠಡಿಯ ಪಾಸಿಟಿವ್ ಪ್ರೆಶರ್ ಬಿದ್ದು ಕಾರಿಡಾರಿನ ಗಾಳಿ ಒಳಕ್ಕೆ ನುಗ್ಗುತ್ತದೆ.

ಇನ್ಸುಲೇಷನ್ ಕೆತ್ತುವುದಂತೂ ನಮ್ಮ ಊರಿನಲ್ಲಿ ಇನ್ನೂ ಕೆಟ್ಟದ್ದು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಇಲ್ಲಿ 24 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 90 ಎಂಬುದು ಸಾಮಾನ್ಯ ದಿನದ ಹವೆ. ಆ ಗಾಳಿಯಲ್ಲಿ 22 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯೂ ಬೆವರುತ್ತದೆ. ಪೈಪಿನೊಳಗೆ ಹರಿಯುವುದು 7 ಡಿಗ್ರಿಯ ನೀರು. ಇನ್ಸುಲೇಷನ್ ಅಮುಕಿದ ಕಡೆ, ಹ್ಯಾಂಗರ್ ಪಟ್ಟಿ ನೇರ ಪೈಪಿಗೆ ತಾಗಿದ ಕಡೆ ಹನಿ ಕಟ್ಟಿ ಸೀಲಿಂಗ್ ಮೇಲೆ ಬೀಳುತ್ತದೆ, ಹಿಂದೆಯೇ ಬೂಷ್ಟು. ಒಣ ಸೀಮೆಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಾಣದ ತಪ್ಪು ಇಲ್ಲಿ ಮೊದಲ ಮಳೆಗಾಲದಲ್ಲೇ ಹೊರಬೀಳುತ್ತದೆ. ಎಎಚ್‌ಯುಗೆ (ಗಾಳಿ ಶೋಧಿಸಿ ತಂಪು ಮಾಡಿ ಕಳಿಸುವ ಯಂತ್ರ) ತಾಜಾ ಗಾಳಿ ಎಳೆಯುವ ಲೂವರನ್ನು ನೀವು ನೈಋತ್ಯದ ಗೋಡೆಗೇ ಇಟ್ಟಿದ್ದೀರಿ. ಮುಂಗಾರಿನ ಗಾಳಿ ಮಳೆ ಸಮೇತ ಬಂದು ಬಡಿಯುವುದು ಆ ಗೋಡೆಗೇ. ಮಳೆ ಮರೆಯೂ ಇಲ್ಲ, ಒಳಗೆ ನೀರು ಹೊರಹೋಗಲು ಇಳಿಜಾರಿನ ತಟ್ಟೆಯೂ ಇಲ್ಲ. ಪ್ರೀಫಿಲ್ಟರ್ ಮೂರು ತಿಂಗಳು ಒದ್ದೆಯಾಗಿಯೇ ಇರುತ್ತದೆ. ಲೂವರನ್ನು ಈಶಾನ್ಯದ ಗೋಡೆಗೆ ಒಯ್ಯಲು ಜಾಗವಿದೆ, ಡಕ್ಟ್ ನಾಲ್ಕು ಮೀಟರ್ ಉದ್ದವಾಗುತ್ತದೆ ಅಷ್ಟೆ.

ಕೊಳಚೆ ಪೈಪುಗಳ ವಿಷಯ. ಸ್ಕ್ರಬ್ ಸಿಂಕುಗಳಿಂದ ಬರುವ 110 ಮಿ.ಮೀ. ಪೈಪನ್ನು 9 ಮೀಟರ್ ಉದ್ದಕ್ಕೂ ಮಟ್ಟಸವಾಗಿ ಎಳೆಯಲಾಗಿದೆ. 80ಕ್ಕೆ 1ರ ಇಳಿಜಾರು ಕೊಟ್ಟರೆ ಕೊನೆಗೆ 112 ಮಿ.ಮೀ. ಕೆಳಗೆ ಬರುತ್ತದೆ, ಅಲ್ಲಿ ಕೆಳಮಹಡಿಯ ಕೇಬಲ್ ಟ್ರೇ ಇದೆ. ಇಳಿಜಾರು ಕೊಡದ್ದರಿಂದ ಈ ಕ್ಲ್ಯಾಶ್ ಸಹ ವರದಿಯಲ್ಲಿ ಬಂದಿಲ್ಲ. ಸಾಲದ್ದಕ್ಕೆ ಆ ಪೈಪು ಹೋಗುವುದು ಮುಖ್ಯ ಎಲೆಕ್ಟ್ರಿಕ್ ಪ್ಯಾನೆಲ್ ಕೊಠಡಿಯ ನೆತ್ತಿಯ ಮೇಲೆ. ಅಲ್ಲಿ ಜಾಯಿಂಟ್ ಇರಲೇಬಾರದು. ಪೈಪನ್ನೇ ಬೇರೆ ದಾರಿಯಲ್ಲಿ ಒಯ್ಯಬೇಕು.

ಮೆಡಿಕಲ್ ಗ್ಯಾಸ್ ಲೈನನ್ನು ಒಂದು ಬಣ್ಣದ ಗೆರೆಯಾಗಿ ಬಿಟ್ಟಿದ್ದೀರಿ, ಅದನ್ನು ಎಲ್‌ಒಡಿ 350 ಎಂದು ಯಾರೂ ಕರೆಯುವುದಿಲ್ಲ. ಆಕ್ಸಿಜನ್, ಮೆಡಿಕಲ್ ಏರ್, ವ್ಯಾಕ್ಯೂಮ್ ಪ್ರತ್ಯೇಕ ಸಿಸ್ಟಮ್‌ಗಳಾಗಿಲ್ಲ. ಅಲಾರಂ ಪ್ಯಾನೆಲ್ ಎಲ್ಲೂ ಇಲ್ಲ. ಐಸಿಯು ವಾಲ್ವ್ ಬಾಕ್ಸ್ ಒಂದನ್ನು ಇಟ್ಟಿದ್ದೀರಿ, ಅದೂ ಬಾಗಿಲಿನ ಹಿಂದೆ: ಬಾಗಿಲು ಪೂರಾ ತೆರೆದು ನಿಂತಾಗ ಬಾಕ್ಸ್ ಮುಚ್ಚಿಹೋಗುತ್ತದೆ. ಬೆಂಕಿಯ ಹೊತ್ತಿನಲ್ಲಿ ಆಕ್ಸಿಜನ್ ನಿಲ್ಲಿಸಬೇಕಾದ ನರ್ಸ್ ಅದನ್ನು ಹುಡುಕಬೇಕೇ? ಇನ್ನು ಬೆಡ್‌ಹೆಡ್ ಪ್ಯಾನೆಲ್‌ಗಳು. ನಾಲ್ಕು ಹಾಸಿಗೆ ಬರೆದು ಉಳಿದ ನಾಲ್ಕನ್ನು ಮಿರರ್ ಮಾಡಲಾಗಿದೆ. ಹಾಗಾಗಿ ಒಂದು ಸಾಲಿನಲ್ಲಿ ಆಕ್ಸಿಜನ್ ಔಟ್‌ಲೆಟ್ ರೋಗಿಯ ಬಲಕ್ಕೆ, ಎದುರು ಸಾಲಿನಲ್ಲಿ ಎಡಕ್ಕೆ. ತಯಾರಕರು ಕೊಡುವ ಪ್ಯಾನೆಲ್ ಹಾಗೆ ಎಡಬಲ ಅದಲುಬದಲಾಗುವುದಿಲ್ಲ, ರಾತ್ರಿ ಪಾಳಿಯ ಕೈಗಳಿಗೂ ಎಲ್ಲ ಹಾಸಿಗೆಯಲ್ಲಿ ಒಂದೇ ಕ್ರಮ ಇರುವುದು ಒಳ್ಳೆಯದು. ತಿರುಗಿಸಬೇಕು, ಮಿರರ್ ಮಾಡಬಾರದು.

ಎಕ್ಸ್‌ರೇ ಕೊಠಡಿಯ ಗೋಡೆಗೆ ‘ಜೆನೆರಿಕ್ 230’ ಎಂಬ ಹೆಸರಿದೆ. ವಿಕಿರಣ ಸುರಕ್ಷತೆ ನೋಡುವ ಎಇಆರ್‌ಬಿಗೆ (ಅಣುಶಕ್ತಿ ನಿಯಂತ್ರಣ ಮಂಡಳಿ) ತೋರಿಸುವ ನಕ್ಷೆಯಲ್ಲಿ ದಪ್ಪದ ಜೊತೆ ಗೋಡೆ ಯಾವುದರದ್ದು ಎಂಬುದೂ ಬೇಕು. ಜಂಬಿಟ್ಟಿಗೆಯಲ್ಲಿ ತೂತುಗಳಿರುತ್ತವೆ, ಸಂದುಗಳು ದೊಡ್ಡವು. ಸುಟ್ಟ ಇಟ್ಟಿಗೆಯ ಲೆಕ್ಕವನ್ನು ಅದಕ್ಕೆ ಹಾಗೇ ಹಚ್ಚುವಂತಿಲ್ಲ. ಎಸಿ ಪೈಪಿಗೆಂದು ಅದೇ ಗೋಡೆಯಲ್ಲಿ ಬಿಟ್ಟ ಕಂಡಿಗೆ ಸೀಸದ ಮರೆ ತೋರಿಸಿಲ್ಲ.

ಹಂತಗಳ ವೇಳಾಪಟ್ಟಿ ನೋಡಿ ನಮ್ಮ ಮೇಸ್ತ್ರಿಗಳು ನಕ್ಕರು. ಹಳೆಯ ಕಟ್ಟಡದ ಹಂಚು ಇಳಿಸುವ ಕೆಲಸವನ್ನು ಜುಲೈ ತಿಂಗಳಿಗೆ ಹಾಕಿದ್ದೀರಿ! ಆಷಾಢದ ಮಳೆಯಲ್ಲಿ ಹಂಚು ಇಳಿಸುವ ಧೈರ್ಯ ತೀರ್ಥಹಳ್ಳಿಯಲ್ಲಿ ಯಾರಿಗೂ ಇಲ್ಲ. ಮಾಡಿನ ಕೆಲಸ ಮೇ ಮಧ್ಯದೊಳಗೆ ಮುಗಿಯಬೇಕು, ಇಲ್ಲವೇ ದೀಪಾವಳಿ ಕಳೆಯಬೇಕು. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಮಾಡೆಲ್‌ನಲ್ಲಿ ಇರುವುದು, ಕೆಡವುವುದು, ತಾತ್ಕಾಲಿಕ, ಹೊಸದು ಎಂಬ ವಿಂಗಡಣೆಯೇ ಇಲ್ಲ. ಎಲ್ಲವೂ ‘ನ್ಯೂ ಕನ್‌ಸ್ಟ್ರಕ್ಷನ್’. ಹಾಗಾಗಿ ನಿಮ್ಮ ಪ್ರಮಾಣ ಪಟ್ಟಿ ಈಗಾಗಲೇ ನಿಂತಿರುವ ಗೋಡೆಗಳನ್ನೂ ಹೊಸದಾಗಿ ಕಟ್ಟುವ ಲೆಕ್ಕಕ್ಕೆ ಸೇರಿಸಿದೆ. ಕೆಲಸ ನಡೆಯುವಾಗ ಕೆಳಮಹಡಿಯ ವಾರ್ಡಿನಲ್ಲಿ ರೋಗಿಗಳು ಇರುತ್ತಾರೆ. ಹಳೇ ಗಾರೆ, ಮಾಡಿನ ಧೂಳಿನಲ್ಲಿ ಆಸ್ಪರ್ಜಿಲಸ್ ಬೂಷ್ಟಿನ ಕಣಗಳಿರುತ್ತವೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಪ್ರಾಣಕ್ಕೇ ಎರವಾಗಬಹುದು. ನೆಲದಿಂದ ಚಪ್ಪಡಿವರೆಗಿನ ಧೂಳು ತಡೆ, ಒಳಗೆ ನೆಗೆಟಿವ್ ಪ್ರೆಶರ್ ಯಂತ್ರ, ಕಲ್ಲುಮಣ್ಣು ಸಾಗಿಸುವ ಪ್ರತ್ಯೇಕ ದಾರಿ, ಲೈನ್ ಬದಲಿಸುವಾಗ ಬೇಕಾಗುವ ತಾತ್ಕಾಲಿಕ ಆಕ್ಸಿಜನ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಜೋಡಣೆ): ಇವು ಹಂತಹಂತವಾಗಿ ಮಾಡೆಲ್‌ನಲ್ಲಿ ಕಾಣಬೇಕಿತ್ತು. ಒಂದೂ ಇಲ್ಲ.

ನಿರ್ವಹಣೆಗೆ ಕೊಡಬೇಕಿದ್ದ ಕೋಬಿ ಪಟ್ಟಿಯಲ್ಲಿ (ಉಪಕರಣಗಳ ಮಾಹಿತಿ ಕೋಷ್ಟಕ) ಫಿಲ್ಟರ್ ಅಳತೆ, ವಾಲ್ವ್ ಸಂಖ್ಯೆ, ವಾರಂಟಿ ಕಾಲಂಗಳು ಖಾಲಿ ಇವೆ. ಯಾವ ಸಾಫ್ಟ್‌ವೇರಿನಲ್ಲೂ ತೆರೆಯಲೆಂದು ಇರುವ ಐಎಫ್‌ಸಿ ಫೈಲಿನಲ್ಲಿ ಪೈಪುಗಳು ಪೈಪುಗಳಾಗಿ ಬಂದಿಲ್ಲ, ‘ಪ್ರಾಕ್ಸಿ’ (ಏನೆಂದು ಗುರುತಿಲ್ಲದ ವಸ್ತು) ಎಂದು ಬಂದಿವೆ. ನೀವು ಮಾಡೆಲ್ ಕಟ್ಟುವ ರೆವಿಟ್ ಸಾಫ್ಟ್‌ವೇರ್ ಇಲ್ಲದ ನಮಗೆ ಅದರಿಂದ ಉಪಯೋಗವಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಈ ಪತ್ರ ತಲುಪಿದ 15 ಕೆಲಸದ ದಿನಗಳೊಳಗೆ ಇರುವ ಕಟ್ಟಡದ ಮಾಡೆಲನ್ನು ಪಾಯಿಂಟ್ ಕ್ಲೌಡ್ ಮೇಲೆ ಮತ್ತೆ ಕಟ್ಟಿ, 15 ಮಿ.ಮೀ. ಮೀರಿದ ಕಡೆಗಳನ್ನು ಬಣ್ಣದಲ್ಲಿ ತೋರಿಸುವ ವ್ಯತ್ಯಾಸ ನಕ್ಷೆಯ ಜೊತೆ ಕೊಡಿ. ವಾಲಿದ ಗೋಡೆಯನ್ನು ವಾಲಿದಂತೆ ಬರೆಯುವುದು ಎಲ್ಲ ಕಡೆ ಬೇಡ. ಥಿಯೇಟರ್, ಐಸಿಯು, ಎಕ್ಸ್‌ರೇ, ಕಾರಿಡಾರ್ ಸಾಕು. ಕ್ಲ್ಯಾಶ್ ಪರೀಕ್ಷೆಯನ್ನು ಇನ್ಸುಲೇಷನ್, ಹ್ಯಾಂಗರ್, ಫ್ರೇಮ್, ಪೈಪಿನ ಇಳಿಜಾರು ಸೇರಿಸಿ ಓಡಿಸಿ. ವಾಲ್ವ್, ಡ್ಯಾಂಪರ್, ಹೆಪಾ ಬಾಕ್ಸ್‌ಗಳ ಮುಂದೆ ಕೈ ಹಾಕುವ ಜಾಗಕ್ಕೆ ಬೇರೆ ತೆರಪು ಪರೀಕ್ಷೆ ಇರಲಿ. ಫಲಿತಾಂಶವನ್ನು ಪಿಡಿಎಫ್ ಚಿತ್ರಗಳಾಗಿ ಕಳಿಸಬೇಡಿ, ಬಿಸಿಎಫ್ ಫೈಲಾಗಿ (ಪ್ರತಿ ದೋಷವನ್ನೂ ಮಾಡೆಲ್‌ನ ಜಾಗಕ್ಕೆ ಜೋಡಿಸಿ ತೋರಿಸುವ ಫೈಲ್) ಕಳಿಸಿ. ಯಾವ ನಿಯಮ, ಯಾವ ಸರ್ಚ್ ಸೆಟ್ ಬಳಸಿದಿರಿ ಎಂಬುದೂ ಜೊತೆಗಿರಲಿ. ಸೊನ್ನೆ ಬರದಿದ್ದರೆ ನಮ್ಮ ಆಕ್ಷೇಪವಿಲ್ಲ. ಪರಿಹರಿಸಲಾಗದ ಕ್ಲ್ಯಾಶ್ ಇದ್ದರೆ ಹಾಗೆಂದೇ ಬರೆಯಿರಿ, ವಿನ್ಯಾಸಕಾರರ ಜೊತೆ ಕೂತು ಸೀಲಿಂಗನ್ನು ಇಳಿಸುವುದೋ ಡಕ್ಟನ್ನು ತೊಲೆಗಳ ನಡುವಿನ ಅಂಕಣದಲ್ಲಿ ಓಡಿಸುವುದೋ ನಿರ್ಧರಿಸೋಣ.

ಮಾಡೆಲ್ ಬರೆಯುವವರಲ್ಲಿ ಒಬ್ಬರಾದರೂ ಸೈಟಿಗೆ ಬರಬೇಕು. ತೊಲೆಗಳು ಕಾಣುವಂತೆ ನಾಲ್ಕು ಕಡೆ ಸೀಲಿಂಗ್ ತೆಗೆಸಿಟ್ಟಿದ್ದೇವೆ. ಏಣಿ ನಮ್ಮಲ್ಲಿದೆ, ಲೇಸರ್ ಅಳತೆಯ ಉಪಕರಣ ನೀವು ತನ್ನಿ.

ಈ ತಿದ್ದುಪಡಿಗಳು ಬರುವವರೆಗೆ ಮೂರನೆಯ ಕಂತನ್ನು ಒಪ್ಪಂದದ ದೋಷ ನಿವಾರಣೆ ಷರತ್ತಿನಡಿ ತಡೆಹಿಡಿಯಲಾಗಿದೆ. ತಪ್ಪು ಮಾಡೆಲ್ ನಂಬಿ ಗುತ್ತಿಗೆದಾರರು ಚಪ್ಪಡಿಯಲ್ಲಿ ಈಗಾಗಲೇ ಕೊರೆದಿರುವ ಎರಡು ಕೋರ್ ಕಟ್ಟಿಂಗ್ ಮುಚ್ಚುವ ಖರ್ಚು ನಿಮ್ಮ ಬಾಬ್ತು. ಇನ್ನು ಮುಂದಿನ ಕೊರೆತವನ್ನು ನಿಲ್ಲಿಸಿದ್ದೇವೆ. ಗಡುವು ಮೀರಿದರೆ ಉಳಿದ ಕೆಲಸವನ್ನು ಬೇರೆಯವರಿಂದ ಮಾಡಿಸಿ, ವ್ಯತ್ಯಾಸದ ಮೊತ್ತವನ್ನು ನಿಮ್ಮ ಠೇವಣಿಯಿಂದ ಕಡಿತ ಮಾಡಬೇಕಾಗುತ್ತದೆ. ಮೇಲೆ ಹೇಳಿದ ಸೀಳುಗಳ ಚಿತ್ರ ಮತ್ತು ಅಳತೆ ಪಟ್ಟಿಯನ್ನು ಲಗತ್ತಿಸಿದೆ. ಲಿಖಿತ ಉತ್ತರವನ್ನು ಏಳು ದಿನದೊಳಗೆ ನಿರೀಕ್ಷಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಟ್ಟಡ ಸಮಿತಿಯ ಪರವಾಗಿ ಕಾರ್ಯದರ್ಶಿ
ನಿರ್ವಹಣಾ ವಿಭಾಗದ ಪರವಾಗಿ ಆಸ್ಪತ್ರೆ ಎಂಜಿನಿಯರ್