ಆ ಫೋಟೊದಲ್ಲಿದ್ದದ್ದು ಚಿಟ್ಟೆಯಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಗೋಡೆ ಮೇಲೆ ಇಟ್ಟಿಗೆ ಬಣ್ಣದ ದೊಡ್ಡ ಹುಳ. ಕೆಳಗೆ ‘ವಿಶ್ವದ ಅತಿ ದೊಡ್ಡ ಅಪರೂಪದ ಚಿಟ್ಟೆ ಪತ್ತೆ’ ಅಂತ ಒಂದು ಸಾಲು. ಅದೊಂದೇ ಸಾಲಿನಲ್ಲಿ ಮೂರು ತಪ್ಪು. ಅದು ಚಿಟ್ಟೆಯಲ್ಲ, ಪತಂಗ. ಅತಿ ದೊಡ್ಡದೂ ಅಲ್ಲ, ಅಪರೂಪವೂ ಅಲ್ಲ. ಬೈಯಲು ಬರೆಯುತ್ತಿಲ್ಲ. ಎರಡು ಮಳೆಗಾಲದ ಹಿಂದೆ ಇದೇ ಹುಳದ ಫೋಟೊ ತೆಗೆದು, ಇಂಥದೇ ಸಾಲು ಬರೆದು, ನೆಂಟರಿಗೆಲ್ಲ ಕಳಿಸಿದವನು ನಾನು.

ನಾನು ರೇಷ್ಮೆ ಇಲಾಖೆಯಲ್ಲಿ 31 ವರ್ಷ ಇದ್ದವನು. ಜಾಸ್ತಿ ವರ್ಷ ಕಳೆದದ್ದು ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಕೋಠಿಗಳಲ್ಲಿ, ಅಂದರೆ ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ. ರೇಷ್ಮೆ ಅಂದರೆ ಜನಕ್ಕೆ ಸೊಪ್ಪು ತಿನ್ನುವ ಹುಳ ನೆನಪಾಗುತ್ತದೆ. ಕೋಠಿಯವರಿಗೆ ನೆನಪಾಗುವುದು ಗೂಡಿನಿಂದ ಆಚೆ ಬರುವ ಬಿಳಿ ಪತಂಗ. ಗಂಡು ಒಂದೇ ಸಮ ರೆಕ್ಕೆ ಬಡಿಯುತ್ತದೆ. ಹೆಣ್ಣು ಹೊಟ್ಟೆ ಹೊತ್ತುಕೊಂಡು ಕೂತಲ್ಲೇ ಕೂತಿರುತ್ತದೆ. ಅದು ಮೊಟ್ಟೆ ಇಟ್ಟ ಮೇಲೆ ತಾಯಿಯನ್ನು ಅರೆದು, ತಾಯಿಯಿಂದ ಮೊಟ್ಟೆಗೂ ಅಂಟುವ ಪೆಬ್ರಿನ್ ರೋಗ ಇದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಅಷ್ಟೂ ಒಂದೇ ಪ್ರಭೇದ, ಬಾಂಬಿಕ್ಸ್ ಮೋರಿ. ಅದನ್ನೂ ನಾವು ಬಾಯಿಮಾತಿನಲ್ಲಿ ಚಿಟ್ಟೆ ಅಂತಲೇ ಕರೆಯುತ್ತಿದ್ದೆವು ಅನ್ನಿ.

ನಿವೃತ್ತನಾಗಿ ತೀರ್ಥಹಳ್ಳಿ ಹತ್ತಿರ ಮಗಳ ಮನೆ ಸೇರಿದೆ. ಒಂದು ಜುಲೈ ರಾತ್ರಿ ಬಚ್ಚಲ ಗೋಡೆ ಮೇಲೆ ಈ ಹುಳ ಕೂತಿತ್ತು. ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ ಬಾಗಿದೆ, ಅದರಲ್ಲೊಂದು ಕಪ್ಪು ಕಣ್ಣು. ನಾಲ್ಕೂ ರೆಕ್ಕೆಯಲ್ಲಿ ಮುಕ್ಕೋನದ ಕಿಟಕಿಗಳು. ಬೆರಳಿನಿಂದ ಮುಟ್ಟದೆ ಹತ್ತಿರ ಹೋಗಿ ನೋಡಿದರೆ ಆ ಕಿಟಕಿಯೊಳಗಿಂದ ಗೋಡೆಯ ಸುಣ್ಣವೇ ಕಾಣುತ್ತಿತ್ತು. ‘ಇದು ಹೆಣ್ಣು’ ಅಂತ ತಕ್ಷಣ ಹೇಳಿದೆ. ಹೊಟ್ಟೆ ದಪ್ಪ, ಮೀಸೆ ಸಣ್ಣ. ಗಂಡಾಗಿದ್ದರೆ ಮೀಸೆ ಹಕ್ಕಿಗರಿಯಂತೆ ಅಗಲ ಇರಬೇಕಿತ್ತು. ‘ಯಾವುದರ ಹೆಣ್ಣು ತಾತ?’ ಅಂದಳು ಮೊಮ್ಮಗಳು. ಅಲ್ಲಿಗೆ ನನ್ನ 31 ವರ್ಷದ ಸರ್ವಿಸ್ ಮುಗಿಯಿತು.

ಮೊಬೈಲಿಗೆ ತೋರಿಸಿದರೆ ‘ಆಟಕಸ್ ಅಟ್ಲಾಸ್’ ಅಂತ ಹೇಳಿತು. ನಂಬಿದೆ. ಆಮೇಲೆ ಗೊತ್ತಾಯಿತು, ಅಟ್ಲಾಸ್ ಹಿಮಾಲಯ, ಈಶಾನ್ಯದ ಕಡೆಯದ್ದು. ನಮ್ಮ ಪಶ್ಚಿಮ ಘಟ್ಟದ್ದು, ಶ್ರೀಲಂಕಾದ್ದು ಆಟಕಸ್ ಟ್ಯಾಪ್ರೊಬಾನಿಸ್. ಶ್ರೀಲಂಕಾಗೆ ಗ್ರೀಕರು ಇಟ್ಟಿದ್ದ ಹೆಸರು ಟ್ಯಾಪ್ರೊಬೇನ್, ಅದರಿಂದ ಬಂದದ್ದು. ಹಿಂದೆ ಕೆಲವರು ಇದನ್ನು ಅಟ್ಲಾಸ್‌ನದೇ ಉಪಪ್ರಭೇದ ಅನ್ನುತ್ತಿದ್ದರು, ಈಗ ಬೇರೆ ಪ್ರಭೇದ ಅನ್ನುತ್ತಾರೆ. ಹುಳ ಇದ್ದ ಹಾಗೇ ಇದೆ, ಪುಸ್ತಕ ಬದಲಾಗಿದೆ. ಇನ್ನು ಅತಿ ದೊಡ್ಡದು ಅನ್ನುವ ಮಾತು. ರೆಕ್ಕೆಯ ಉದ್ದ ಅಳೆದರೆ ದಕ್ಷಿಣ ಅಮೆರಿಕದ ವೈಟ್ ವಿಚ್ ಅನ್ನುವ ಪತಂಗ ಇದಕ್ಕಿಂತ ದೊಡ್ಡದು. ಅಪರೂಪವೂ ಅಲ್ಲ. ಮಳೆ ಹಿಡಿದರೆ ನಮ್ಮ ಕಡೆ ವರ್ಷಕ್ಕೊಂದಾದರೂ ಬರುತ್ತದೆ. ತಿನ್ನಲು ಬಾಯಿಯೇ ಇಲ್ಲದ್ದರಿಂದ ಒಂದೆರಡು ವಾರದಲ್ಲಿ ಸಾಯುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದು ಕಡಿಮೆ. ಚಿಟ್ಟೆಯ ಮೀಸೆ ತುದಿಯಲ್ಲಿ ಬೆಂಕಿಕಡ್ಡಿಯಂಥ ಗುಂಡು ಇರುತ್ತದೆ, ಇದಕ್ಕಿಲ್ಲ.

ಉಪಪ್ರಭೇದದ ವಿಷಯದಲ್ಲಿ ಕೋಠಿಯ ಅನುಭವವೇ ನನ್ನ ದಾರಿ ತಪ್ಪಿಸಿತು. ಮೈಸೂರು ತಳಿಯ ಗೂಡು ಹಸಿರು ಹಳದಿ, ದ್ವಿತಳಿಯದ್ದು ಬಿಳಿ. ಉಪಪ್ರಭೇದ ಅಂದರೂ ಇಂಥದೇ ಏನೋ ಅಂದುಕೊಂಡಿದ್ದೆ. ಅಲ್ಲ. ತಳಿ ಮಾಡುವುದು ಮನುಷ್ಯ. ಉಪಪ್ರಭೇದ ಆಗುವುದು ಊರಿನಿಂದ, ಅಂದರೆ ಒಂದೇ ಪ್ರಭೇದ ಬೇರೆ ಬೇರೆ ಸೀಮೆಯಲ್ಲಿ ಬಹಳ ಕಾಲ ಇದ್ದು ಸ್ವಲ್ಪ ಸ್ವಲ್ಪ ಬೇರೆಯಾದಾಗ. ಹಾಗಾಗಿ ಊರು ಬರೆಯದ ಫೋಟೊ ಇಟ್ಟುಕೊಂಡು ಉಪಪ್ರಭೇದ ಹೇಳುವುದು ಸುಮ್ನೆ ಕಣಿ ಹೇಳಿದಂತೆ. ಪ್ರಭೇದದ ಎರಡು ಪದದ ಹೆಸರಿನ ಮುಂದೆ ಉಪಪ್ರಭೇದಕ್ಕೆ ಅಂತ ಸೇರಿಸುವ ಆ ಮೂರನೇ ಹೆಸರು ಹೊಸಬರಿಗೆ ಬೇಡವೇ ಬೇಡ. ಎಷ್ಟೋ ಪತಂಗಗಳ ಪ್ರಭೇದವನ್ನೇ ಹೊಟ್ಟೆ ತುದಿ ಬಿಚ್ಚಿ ನೋಡದೆ ತಿಳಿದವರೂ ಹೇಳುವುದಿಲ್ಲ.

ನನ್ನ ಮಾನ ಹೋದದ್ದು ತಲೆಬುರುಡೆ ಪತಂಗದಲ್ಲಿ. ಬೆನ್ನ ಮೇಲೆ ಬುರುಡೆ ಚಿತ್ರ, ಮುಟ್ಟಿದರೆ ಇಲಿಯ ಹಾಗೆ ಕೀಚ್ ಅನ್ನುತ್ತದೆ. ಜೇನುಗೂಡಿಗೆ ನುಗ್ಗಿ ತುಪ್ಪ ಕದಿಯುವ ಕಳ್ಳ. ಇದರಲ್ಲಿ ಸ್ಟಿಕ್ಸ್, ಲ್ಯಾಕೆಸಿಸ್ ಅಂತ ಎರಡು ನಮ್ಮಲ್ಲಿವೆ. ನಾನು ಗತ್ತಿನಿಂದ ಲ್ಯಾಕೆಸಿಸ್ ಅಂದೆ. ಕೃಷಿ ಓದುವ ಪಕ್ಕದ ಮನೆ ಹುಡುಗ ‘ಹಿಂದಿನ ರೆಕ್ಕೆ ನೋಡಿದ್ರಾ ಅಂಕಲ್?’ ಅಂದ. ನೋಡಿರಲಿಲ್ಲ. ಕೂತಾಗ ಅದು ಮುಂದಿನ ರೆಕ್ಕೆಯಡಿ ಮುಚ್ಚಿಕೊಂಡಿರುತ್ತದೆ. ಅವನು ಕಡ್ಡಿಯಿಂದ ಮೆಲ್ಲಗೆ ಸರಿಸಿದ. ಬುಡ ಹಳದಿ. ಬುಡದಲ್ಲಿ ಕಪ್ಪು ಮಚ್ಚೆ ಇದ್ದರೆ ಮಾತ್ರ ಲ್ಯಾಕೆಸಿಸ್ ಅಂತೆ. ಅವತ್ತಿಂದ ಒಂದು ಹುಳಕ್ಕೆ ಮೂರು ಫೋಟೊ ತೆಗೆಯುತ್ತೇನೆ. ಮೇಲಿಂದ ಒಂದು, ಬದಿಯಿಂದ ಒಂದು, ಸಾಧ್ಯವಾದರೆ ಹಿಂದಿನ ರೆಕ್ಕೆಯದ್ದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ.

ಕೊನೆಗೆ ಕೈಹಿಡಿದದ್ದು ಹಳೇ ಕಸುಬೇ, ಹುಳ ಸಾಕುವುದು. ಅಂಗಳದ ನಂದಿಬಟ್ಟಲಿನಲ್ಲಿ ತಲೆ ಹತ್ತಿರ ಎರಡು ನೀಲಿ ಕಣ್ಣಿನ ಹಸಿರು ಹುಳ ಸಿಕ್ಕಿತು. ಡಬ್ಬಿಯಲ್ಲಿಟ್ಟು ಅದೇ ಎಲೆ ಹಾಕಿದೆ. ಕೋಶ ಕಟ್ಟಿ ಎರಡು ವಾರದ ಮೇಲೆ ಹಸಿರು ಗುಲಾಬಿ ಬಣ್ಣದ ಪತಂಗ ಬಂತು, ಡ್ಯಾಫ್ನಿಸ್ ನೀರಿಯೈ. ಕಣಗಿಲೆಯನ್ನೂ ತಿನ್ನುವ ಹುಳ ಅದು. ಗಿಡ ಯಾವುದು ಅಂತ ಬರೆದಿಟ್ಟುಕೊಂಡರೆ ಹೆಸರು ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಮಾಡಿದ್ದೂ ಇದನ್ನೇ. ಮರಿಹುಳ ಸಾಕಿ ಸಾಕಿ ತಿಳಿದುಕೊಂಡವರು. ಅವರು ಸ್ಕಾಟ್ ಜೊತೆ ಸೇರಿ ಬರೆದ ಹಾಕ್ ಮಾತ್‌ಗಳ (ತಲೆಬುರುಡೆ, ಡ್ಯಾಫ್ನಿಸ್ ಎರಡೂ ಸೇರುವ ಪತಂಗಗಳ ಗುಂಪು) ಸಂಪುಟ 1937ರಲ್ಲಿ ಬಂತು. ಬೆಲ್ ತೀರಿಕೊಂಡದ್ದೂ ಕಾರವಾರದಲ್ಲೇ.

ಹುಳದ ಹೆಸರು ತಪ್ಪಾದರೆ ಯಾರ ಗಂಟು ಹೋಯಿತು ಅನ್ನಬಹುದು. ಮೆಕ್ಕೆಜೋಳದವರನ್ನು ಕೇಳಿ. ಅವರ ಬೆಳೆ ತಿನ್ನುವ ಅಮೆರಿಕದ ಸೈನಿಕ ಹುಳು, ಅದೂ ಒಂದು ಪತಂಗದ ಮರಿಯೇ, ದೇಶದಲ್ಲಿ ಮೊದಲು ಗೊತ್ತಾದದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ. ಹುಳದ ತಲೆ ಮೇಲಿನ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕಿ, ಗುರುತು ಅಷ್ಟೇ. ಇಷ್ಟು ನೋಡದೆ ಔಷಧಿ ಹೊಡೆದವರನ್ನು ನಾನೇ ಕಂಡಿದ್ದೇನೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಇಂಥ ಫೋಟೊ ಬಂದರೆ ಊರು, ತಾರೀಕು ಹಾಕಿ. ಗಿಡದ ಮೇಲಿದ್ದರೆ ಗಿಡದ ಹೆಸರೂ ಇರಲಿ. ಹುಳದ ಹೆಸರು ಗೊತ್ತಿಲ್ಲದಿದ್ದರೆ ‘ಒಂದು ಪತಂಗ’ ಅಂದರೆ ಸಾಕಲ್ವಾ? ಅಪರೂಪ ಅನ್ನುವ ಪದವನ್ನು ಸ್ವಲ್ಪ ದಿನ ಬೀಗ ಹಾಕಿಡಿ.

ಈಗ ರಾತ್ರಿ ಪತಂಗ ನೋಡಲು ಅಡಿಕೆ ಅಂಗಳದಲ್ಲಿ ಬಿಳಿ ಪಂಚೆಯನ್ನು ಪರದೆಯ ಹಾಗೆ ಕಟ್ಟಿ, ಬಲ್ಬ್ ಹಾಕಿ ಕೂರುತ್ತೇನೆ. ಅಮಾವಾಸ್ಯೆ ಹತ್ತಿರ, ಮಳೆ ಬಿಟ್ಟ ರಾತ್ರಿ ಜಾಸ್ತಿ ಬರುತ್ತವೆ. ಈ ಮಳೆಗಾಲದಲ್ಲಿ ನೋಟ್‌ಬುಕ್ಕಿಗೆ ಸೇರಿದ್ದು 63. ಪ್ರಭೇದದ ಹೆಸರು ಬರೆದದ್ದು 19ಕ್ಕೆ. ಉಳಿದವಕ್ಕೆ ‘ಕಂದು, ಸಣ್ಣದು’, ‘ಕಂದು, ಇನ್ನೂ ಸಣ್ಣದು’ ಅಂತಿದೆ. ಉಪಪ್ರಭೇದ ಅಂತ ಗೆರೆ ಎಳೆದಿದ್ದ ಕಾಲಂ ಖಾಲಿ ಇದ್ದದ್ದಕ್ಕೆ ಮಗಳು ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ.

– ನಿವೃತ್ತ ರೇಷ್ಮೆ ಇಲಾಖೆ ನೌಕರ, ತೀರ್ಥಹಳ್ಳಿ ತಾಲ್ಲೂಕು