ಎರಡೂ ದರದ ಲೆಕ್ಕ ಬಿಲ್‌ನಲ್ಲೇ ಇರಲಿ

ಮಾನ್ಯರೇ,

ಮನೆಗೆ ಒಂದೇ ದರದ ವಿದ್ಯುತ್ ಲಾಭವೋ, ಹೊತ್ತಿಗೊಂದು ದರ ಲಾಭವೋ ಎಂಬುದನ್ನು ಗ್ರಾಹಕರು ಬರೀ ಅಂದಾಜಿನ ಮೇಲೆ ತೀರ್ಮಾನಿಸುವಂತಾಗಿದೆ. ತಡರಾತ್ರಿ ಕರೆಂಟು ಅಗ್ಗ ಎಂಬ ಮಾತು ಎದ್ದು ಕಾಣುತ್ತದೆ. ಸಂಜೆಯ ದರ ಜಾಸ್ತಿ ಎಂಬುದರ ಕಡೆ ಗಮನ ಹೋಗುವುದೇ ಇಲ್ಲ.

ಒಂದೇ ದರಕ್ಕೆ ಹೋಲಿಸಿದರೆ ಅಗ್ಗದ ಹೊತ್ತಿನಲ್ಲಿ ಯೂನಿಟ್‌ಗೆ ಶೇ 20 ಕಡಿಮೆ, ಉಳಿದ ಹೊತ್ತಿನಲ್ಲಿ ಶೇ 10 ಜಾಸ್ತಿ ಎಂದುಕೊಳ್ಳಿ. ಆಗ ಒಟ್ಟು ಬಳಕೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಗ್ಗದ ಹೊತ್ತಿಗೆ ಬಿದ್ದರಷ್ಟೇ ಉಳಿತಾಯ. 2 ಕಿಲೋವಾಟ್ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ಅದನ್ನೂ ಎಲೆಕ್ಟ್ರಿಕ್ ವಾಹನದ ಚಾರ್ಜಿಂಗನ್ನೂ ರಾತ್ರಿಗೆ ತಳ್ಳಬಹುದು. ಸಂಜೆಯ ಅಡುಗೆ, ದೀಪ, ಫ್ಯಾನು ಮುಂದೂಡಲು ಆಗುವುದಿಲ್ಲ, ಅಲ್ವಾ? ಫ್ರಿಜ್ಜಂತೂ ದಿನವಿಡೀ ಓಡುತ್ತದೆ. ಅಗ್ಗ ಎಂದು ನಂಬಿ ಬದಲಿಸಿಕೊಂಡ ಸಣ್ಣ ಕುಟುಂಬಗಳು ಸುಮ್ನೆ ಜಾಸ್ತಿ ಕಟ್ಟಬೇಕಾದೀತು.

ಸ್ಮಾರ್ಟ್ ಮೀಟರ್‌ಗಳು ಯಾವ ಹೊತ್ತಿನಲ್ಲಿ ಎಷ್ಟು ಬಳಕೆ ಎಂಬುದನ್ನು ದಾಖಲಿಸುತ್ತವೆ. ಅವು ಇರುವ ಮನೆಗಳ ಬಿಲ್‌ನಲ್ಲಿ ಎರಡೂ ದರದ ಮೊತ್ತವನ್ನು ವಿದ್ಯುತ್ ಕಂಪನಿಗಳು ಅಕ್ಕಪಕ್ಕ ಮುದ್ರಿಸಲಿ. ಬದಲಿಸಿಕೊಂಡವರಿಗೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹಳೆಯ ದರಕ್ಕೆ ಮರಳುವ ಅವಕಾಶವೂ ಇರಲಿ.

– ಒಬ್ಬ ಗ್ರಾಹಕ